ಆರು ಗಂಟೆಯ ಉಪಗ್ರಹ, ಹನ್ನೊಂದರ ಭರತ

ಮೂರು ವರ್ಷದ ಹಿಂದಿನ ಮಳೆಗಾಲ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆಯ ನಮ್ಮ ಗಜನಿಯಲ್ಲಿ ನಾನು ಬಾಗಿಲು ಕಾಯುವವನಾಗಿದ್ದೆ. ನೇಮಕದ ಕಾಗದ ಎಂಬುದು ಈ ಕೆಲಸಕ್ಕೆ ಇಲ್ಲ. ಊರ ರೈತರು ಸೇರಿ ಒಪ್ಪಿಸಿದ್ದು. ಆಗಲೇ ಮೂವತ್ತೊಂದು ವರ್ಷ ಆಗಿತ್ತು. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಮೊಮ್ಮಗಳು ಶ್ವೇತಾ ಕಲಿತದ್ದು ಎಷ್ಟು ಎಂದು ಕೇಳಿದರೆ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ, ಆದರೂ ಕೇಳದವರಿಗೂ ಹೇಳುತ್ತೇನೆ. ಧಾರವಾಡದ ಒಂದು ಕಚೇರಿಯಲ್ಲಿ ಉಪಗ್ರಹ ತೆಗೆದ ಚಿತ್ರ ನೋಡಿ ನೆರೆ ಬಂದ ಜಾಗದ ನಕ್ಷೆ ಮಾಡುವುದು ಅವಳ ಕೆಲಸ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲ್ಲೂಕು ಅವಳ ಪಾಲಿಗೆ ಬಂದಿವೆ. ನಾನು ನಮ್ಮ ಒಡ್ಡು ದಾಟಿ ನೋಡಿದವನಲ್ಲ. ಅವಳು ಆಕಾಶದಿಂದ ನೋಡುತ್ತಾಳೆ.

ಗಜನಿ ಎಂದರೆ ಹೊಳೆಬಾಯಿಯ ಪಕ್ಕದ ತಗ್ಗು ಗದ್ದೆ. ಉಪ್ಪುನೀರು ನುಗ್ಗದಂತೆ ಸುತ್ತ ಮಣ್ಣಿನ ಒಡ್ಡು. ಒಡ್ಡಿನ ನಡುವೆ ಕಲ್ಲಿನ ಕಂಡಿ, ಅದಕ್ಕೆ ಮರದ ಹಲಗೆಯ ಬಾಗಿಲು. ನಾವು ಜಂತ್ರಡಿ ಎನ್ನುತ್ತೇವೆ. ಭರತದಲ್ಲಿ, ಅಂದರೆ ಸಮುದ್ರ ಏರುವಾಗ, ಹಲಗೆ ಇಳಿಸಬೇಕು. ಇಳಿತದಲ್ಲಿ ಎತ್ತಿ ಒಳಗಿನ ಮಳೆನೀರು ಹೊರಗೆ ಬಿಡಬೇಕು. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ನನಗೆ ಗಡಿಯಾರ ಬೇಕಾಗಿಲ್ಲ, ತಿಥಿ ಗೊತ್ತಿದ್ದರೆ ಸಾಕು. ಹುಣ್ಣಿಮೆ, ಅಮಾವಾಸ್ಯೆಯ ದಿನ ಹನ್ನೊಂದರ ಮೇಲೆ ಸ್ವಲ್ಪಕ್ಕೆ ನೀರು ತುಂಬುತ್ತದೆ. ಅವೇ ದೊಡ್ಡ ಭರತ. ಮರುದಿನದಿಂದ ದಿನಕ್ಕೆ ಎರಡು ಗಳಿಗೆ, ಎಂದರೆ ಮುಕ್ಕಾಲು ಗಂಟೆಯ ಮೇಲೆ ಚೂರು, ತಡ. ಅಷ್ಟಮಿ ನವಮಿಗೆ ಬರುವಾಗ ಬೆಳಗಿನ ಐದೂವರೆ ಆರು.

ಆ ವರ್ಷ ಆಷಾಢ ಹುಣ್ಣಿಮೆಯ ಭರತಕ್ಕೆ ಜಂತ್ರಡಿಯಿಂದ ಹನ್ನೆರಡು ಮಾರು ದೂರದಲ್ಲಿ ಒಡ್ಡಿನ ಬುಡ ತೂತು ಬಿತ್ತು. ಏಡಿ ಕೊರೆದ ಮಾಟೆ ಎಂದು ಮೊದಲು ಸಸಾರ ಮಾಡಿದೆ. ಅದು ನನ್ನ ತಪ್ಪು. ಎರಡು ದಿನದಲ್ಲಿ ಅದರಲ್ಲಿ ಒಂದು ಹಂಡೆ ಕೂರುವಷ್ಟು ಜಾಗವಾಯಿತು. ಹುಲ್ಲು, ಜೇಡಿ, ಗೋಣಿಚೀಲ ಏನು ತುರುಕಿದರೂ ನಿಲ್ಲಲಿಲ್ಲ.

ಗಜನಿಯಲ್ಲಿ ಬೆಳೆಯುವುದು ಕಗ್ಗ ಭತ್ತ. ಉಪ್ಪನ್ನು ಅಷ್ಟೋ ಇಷ್ಟೋ ತಡೆಯುವ ತಳಿ, ಬೇರೆ ಕಡೆ ಬೀಜ ಸಿಗುವುದಿಲ್ಲ. ಸುತ್ತಲಿನವರು ಗದ್ದೆಯನ್ನು ಸಿಗಡಿ ಸಾಕಣೆಗೆ ಬಿಟ್ಟಮೇಲೆ ನಮ್ಮ ನಲವತ್ತೆರಡು ಎಕರೆಯಲ್ಲಿ ಕಗ್ಗ ಉಳಿದದ್ದು ಹದಿನೆಂಟು ಎಕರೆ, ಮಿಕ್ಕದ್ದು ಪಾಳು. ಆ ಹದಿನೆಂಟೂ ಹೋದರೆ ಮುಂದಿನ ವರ್ಷಕ್ಕೆ ಬಿತ್ತಲು ಊರಲ್ಲಿ ಹುಲ್ಲಿನಲ್ಲಿ ಕಟ್ಟಿಡುವ ಒಂದು ಮುಡಿ ಬೀಜವೂ ಇರುವುದಿಲ್ಲ. ಬೀಜ ಕಾಪಾಡುವವಳು ನೆರೆಮನೆಯ ದೇವಮ್ಮ. ಅವಳ ಗದ್ದೆ ಆ ತೂತಿಗೆ ಎಲ್ಲಕ್ಕಿಂತ ಹತ್ತಿರ.

ಒಡ್ಡು ಸರಿಮಾಡಿಸಿ ಎಂದು ತಾಲ್ಲೂಕಿನ ನೀರಾವರಿ ಕಚೇರಿಗೆ ಅರ್ಜಿ ಕೊಟ್ಟೆವು. ಕಚೇರಿಯ ಎಂಜಿನಿಯರ್ ಫೋನ್ ಮಾಡಿ ಯಾವಾಗ ಬರಲಿ ಎಂದರು. ನಮ್ಮ ಕಡೆ ಮನೆಗೆ ಬರುವವರ ಕಾಲು ಕೆಸರಾಗಬಾರದು ಎಂಬುದು ಒಂದು ಮರ್ಯಾದೆ. "ಶ್ರಾವಣ ಹುಣ್ಣಿಮೆ ಸಂಜೆ ಐದಕ್ಕೆ ಬನ್ನಿ, ಆಗ ಒಡ್ಡಿನ ಮೇಲೆ ಒಣ ಕಾಲಲ್ಲಿ ನಡೀಲಿಕ್ಕೆ ಬರ್ತದೆ" ಎಂದೆ. ಬಂದರು. ತೆಳ್ಳಗಿನ, ಮೆದು ಮಾತಿನ ಮನುಷ್ಯ. ತೂತು ನೋಡಿದರು. ಅದರಲ್ಲಿ ಒಂದು ಹನಿ ನೀರಿರಲಿಲ್ಲ. ಮೊಬೈಲಿನಲ್ಲಿ ನಕ್ಷೆ ತೆಗೆದು ತೋರಿಸಿದರು.

"ಇದು ಉಪಗ್ರಹದ ನಕ್ಷೆ. ಎರಡು ಸಲ ನೋಡಿದ್ದಾರೆ. ನಿಮ್ಮ ಗಜನಿಯಲ್ಲಿ ನೀರು ನುಗ್ಗಿದ ಗುರುತೇ ಇಲ್ಲ. ಗುರುತಿಲ್ಲದೆ ತುರ್ತು ಕೆಲಸ ಅಂತ ನಾನು ಬರೆಯುವುದು ಹೇಗೆ?"

ದೇವಮ್ಮ ನಕ್ಷೆಯನ್ನು ಬಗ್ಗಿ ನೋಡಿದಳು. ನನ್ನ ಕಡೆ ತಿರುಗಿ, "ನಿನ್ನ ಮೊಮ್ಮಗಳು ಮಾಡೂದು ಇದನ್ನೇ ಅಲ್ದ? ಊರೆಲ್ಲ ಹೇಳ್ಕಂಡು ತಿರಗ್ತಿದ್ದೆ. ನಂಗೆ ಮಧ್ಯಾಹ್ನ ಮೊಣಕಾಲ ಮಟ ನೀರು, ಅವ್ಳಿಗೆ ಒಂದ್ ಹನಿ ಕಾಣ್ಲಿಲ್ವ?" ಎಂದಳು.

ಮನೆಗೆ ಬಂದವನು ಕೈಕಾಲು ತೊಳೆಯದೆ ಫೋನ್ ಹಚ್ಚಿದೆ. ನಕ್ಷೆಯ ವಿಷಯ ಶ್ವೇತಾಳಿಗೆ ಹೇಳಿದೆ.

"ಅಜ್ಜ, ಅದು ನಾನೇ ಮಾಡಿದ್ದು."

ಅವಳ ದನಿ ಸಣ್ಣಗಾದದ್ದು ನನಗೆ ದೇವಮ್ಮನ ಮಾತಿಗಿಂತ ಹೆಚ್ಚು ನೋವಾಯಿತು. ಬೈಯಲು ಕೂತವನು ಬೈಯದೆ, ಅದು ನೋಡುವುದು ಹೇಗೆ ಎಂದು ಕೇಳಿದೆ. ಅವಳು ನನಗೆ ತಿಳಿಯುವ ಹಾಗೆ ಹೇಳಿದಳು. ಸಾದಾ ಕ್ಯಾಮೆರಾದ ಉಪಗ್ರಹಕ್ಕೆ ಮಳೆಗಾಲದಲ್ಲಿ ಮೋಡ ಮಾತ್ರ ಕಾಣುತ್ತದೆ. ಹಾಗಾಗಿ ರಾಡಾರ್ ಇರುವುದನ್ನು ಬಳಸುತ್ತಾರೆ. ಅದು ತಾನೇ ಒಂದು ಅಲೆ ಕೆಳಗೆ ಕಳಿಸಿ, ಮರಳಿ ಬಂದದ್ದನ್ನು ಹಿಡಿದುಕೊಳ್ಳುತ್ತದೆ. ಮೋಡ, ಕತ್ತಲೆ ಅಡ್ಡಿಯಿಲ್ಲ. ಒರಟು ನೆಲ ಅಲೆಯನ್ನು ಹಿಂದಕ್ಕೆ ಕೊಡುತ್ತದೆ, ಬಿಳಿಯಾಗಿ ಕಾಣುತ್ತದೆ. ಸಪಾಟು ನೀರು ಅದನ್ನು ಆಚೆ ಜಾರಿಸಿಬಿಡುತ್ತದೆ, ಕಪ್ಪಾಗಿ ಕಾಣುತ್ತದೆ.

"ನಮ್ಮ ಗಜನಿ ಎರಡೂ ಚಿತ್ರದಲ್ಲಿ ಬಿಳೀ ಇದೆ ಅಜ್ಜ. ನಾನು ಮೂರು ಸಲ ನೋಡಿದೆ."

"ಅದು ಬರೂದು ಎಷ್ಟೊತ್ತಿಗೆ?"

"ಹನ್ನೆರಡು ದಿನಕ್ಕೊಮ್ಮೆ. ಬೆಳಗ್ಗೆ ಆರಕ್ಕೆ. ಯಾವಾಗ್ಲೂ ಆರಕ್ಕೇ."

"ನೀ ನೋಡಿದ ದಿನ ಯಾವ ತಿಥಿ?"

ತಾರೀಕು ಹೇಳಿದಳು, ನಾನು ಗೋಡೆಯ ಪಂಚಾಂಗ ತಿರುವಿದೆ. ಒಂದು ಆಷಾಢ ಅಮಾವಾಸ್ಯೆ, ಇನ್ನೊಂದು ಶ್ರಾವಣದ ದ್ವಾದಶಿ. ನನಗೆ ನಗು ಬಂತು. ಅಮಾವಾಸ್ಯೆಗೆ ಬೆಳಗಿನ ಆರು ಎಂದರೆ ಸಮುದ್ರ ಪೂರ್ತಿ ಕೆಳಗೆ ಹೋದ ಹೊತ್ತು. ದ್ವಾದಶಿಗೆ ಭರತ ತುಂಬುವುದು ಎಂಟೂವರೆಗೆ. ಆರಕ್ಕೆ ನೀರು ಒಡ್ಡಿನ ಬುಡಕ್ಕೆ ಮುಟ್ಟಿರುವುದಿಲ್ಲ.

"ಮಗಾ, ನಿನ್ನ ಉಪಗ್ರಹ ಸುಳ್ಳು ಹೇಳ್ಲಿಲ್ಲ. ಅದು ಬಂದಾಗ ನೀರು ಇರ್ಲಿಲ್ಲ, ಅಷ್ಟೇ. ನೀರು ಬಂದ ದಾರೀಲೇ ಹೋಗ್ಬಿಡ್ತದೆ, ಉಪ್ಪು ಮಾತ್ರ ಬಿಟ್ಟು ಹೋಗ್ತದೆ. ದೊಡ್ಡ ಭರತ ಹನ್ನೊಂದಕ್ಕೆ, ನಿಂದು ಆರಕ್ಕೆ. ನೂರು ವರ್ಷ ನೋಡಿದ್ರೂ ಅಮಾಸೆ ಭರತ ನಿಂಗೆ ಸಿಕ್ಕೂದಿಲ್ಲ."

ಆಕಡೆ ಪೆನ್ನು ಓಡುವ ಸದ್ದು ಕೇಳಿತು. ಎಷ್ಟೋ ವರ್ಷ ನಾನು ಅವಳ ಮಗ್ಗಿ ಒಪ್ಪಿಸಿಕೊಂಡಿದ್ದೆ. ಈಗ ಅವಳು ನನ್ನ ಲೆಕ್ಕ ಬರೆದುಕೊಳ್ಳುತ್ತಿದ್ದಳು. "ಹಾಗಾದ್ರೆ ಆರಕ್ಕೆ ನೀರು ತುಂಬೂ ದಿನ ಯಾವುದು?" ಎಂದಳು.

"ನವಮಿ. ಮುಂದಿನ ಸಲ ಯಾವತ್ತು ಬರ್ತದೆ?"

ಅವಳು ಎಣಿಸಿದಳು, ನಾನೂ ಎಣಿಸಿದೆ. ದ್ವಾದಶಿಯಿಂದ ಹನ್ನೆರಡು ದಿನ. ಗೋಕುಲಾಷ್ಟಮಿಯ ಮರುದಿನ, ನವಮಿ. ಇಬ್ಬರೂ ಒಟ್ಟಿಗೆ ಹೇಳಿದೆವು.

ನವಮಿಯ ಭರತ ಸಣ್ಣದು. ಆದರೆ ತೂತು ಬುಡದಲ್ಲಿದೆ, ಒಳಬರಲು ಅಷ್ಟು ಸಾಕು. ಪೈರು ನಿಂತ ಗದ್ದೆಯಲ್ಲಿ ಕೆಳಗಿನ ನೀರು ರಾಡಾರಿಗೆ ಸರಿಯಾಗಿ ಕಾಣದು ಎಂದು ಅವಳಿಗೆ ಚಿಂತೆ. ಪಾಳುಬಿದ್ದ ಬಯಲು ಪಕ್ಕದಲ್ಲೇ ಇದೆಯಲ್ಲ, ಅದನ್ನು ನೋಡು ಎಂದೆ. ಹೊತ್ತು ಮಾತ್ರ ಬಹಳ ಇರಲಿಲ್ಲ. ನವಮಿಯಿಂದ ಆರೇ ದಿನಕ್ಕೆ ಶ್ರಾವಣ ಅಮಾವಾಸ್ಯೆ. ಅಷ್ಟರಲ್ಲಿ ಮಳೆ ಕಡಿಮೆಯಾಗಿ, ಇಷ್ಟು ದಿನ ಅರೆಸಿಹಿ ಇದ್ದ ಹೊಳೆನೀರು ಪೂರಾ ಉಪ್ಪಾಗಿರುತ್ತದೆ. ಆ ದೊಡ್ಡ ಭರತ ಒಂದು ಒಳಗೆ ಬಂತೆಂದರೆ ಕಗ್ಗದ ಬೀಜ ಅಲ್ಲಿಗೆ ಮುಗಿಯಿತು.

ಅಷ್ಟಮಿಯ ದಿನ ಶ್ವೇತಾ ಬಸ್ಸಿನಲ್ಲಿ ಬಂದಿಳಿದಳು. ಬಂದವಳೇ ಬಿದಿರಿನ ಕೋಲುಗಳಿಗೆ ಗೇಣುಗೇಣಿಗೆ ಬಣ್ಣ ಬಳಿದು ಪಾಳಿನಲ್ಲಿ ಎಂಟು ಕಡೆ ಹುಗಿದಳು. ಉಪಗ್ರಹ ಕಂಡದ್ದು ನೆಲದಲ್ಲಿ ನಿಜವೇ ಎಂದು ನೋಡಲು ಹೀಗೆ ಅಳೆಯಬೇಕಂತೆ. ದೇವಮ್ಮ ದಂಡೆಯಲ್ಲಿ ನಿಂತು ನೋಡುತ್ತಿದ್ದಳು.

"ಎಂತದೇ ತಂಗೀ, ಆಕಾಶದಿಂದ ಕಾಣೂದಾದ್ರೆ ಈ ಕೋಲು ಎಂತಕ್ಕೆ?"

"ಆಕಾಶದ್ದನ್ನೇ ನಂಬಿ ಒಂದ್ಸಲ ಬೈಸ್ಕಂಡಾಯ್ತಲ್ಲ ದೇವಮ್ಮಜ್ಜಿ."

"ನಾ ಬೈಲಿಲ್ಲಪ. ನಿನ್ನ ಅಜ್ಜಂಗೆ ಹೇಳ್ದೆ ಅಷ್ಟೇ" ಎಂದು ಅವಳೂ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು ಕೋಲು ಹಿಡಿದಳು.

ಎಂಜಿನಿಯರರಿಗೂ ಹೇಳಿದ್ದೆ. ಈ ಸಲ ಮರ್ಯಾದೆ ಬದಿಗಿಟ್ಟು ನವಮಿಯ ಬೆಳಗಿನ ಐದೂಮುಕ್ಕಾಲಿಗೇ ಬರಹೇಳಿದೆ. ಪುಣ್ಯಾತ್ಮ, ಬಂದರು. ಬೆಳಕು ಹರಿಯುತ್ತಿತ್ತು, ಮೋಡ ಮುಚ್ಚಿತ್ತು. ತೂತಿನಿಂದ ನೀರು ಗುಳುಗುಳು ಎಂದು ಒಳಬಂದು ಪಾಳಿನಲ್ಲಿ ಹಾಸುತ್ತಿತ್ತು. ಅವರು ಒಡ್ಡಿನಿಂದ ಇಳಿದರು. ಬೂಟು ಮುಳುಗಿತು, ಪ್ಯಾಂಟು ಮೊಣಕಾಲಿನ ತನಕ ಒದ್ದೆಯಾಯಿತು.

"ಅವತ್ತು ಸಂಜೆ ಬನ್ನಿ ಅಂದದ್ದು ನೀವೇ ಅಲ್ವಾ?" ಎಂದರು.

"ಹೌದು. ನಿಮ್ಮ ಬೂಟು ಹಾಳಾಗ್ತದೆ ಅಂತ."

ಅವರು ನನ್ನನ್ನು ನೋಡಿದರು, ಬೂಟು ನೋಡಿದರು, ಆಮೇಲೆ ನಗುವುದಕ್ಕೆ ಶುರುಮಾಡಿದರು. ಆರು ಹೊಡೆಯಿತು. ಶ್ವೇತಾ ಕೋಲಿನಿಂದ ಕೋಲಿಗೆ ನಡೆಯುತ್ತ ಗೇಣು ಎಣಿಸಿ ಬರೆದಳು. ಮೇಲೆ ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ. "ಹೋಯ್ತು ಅಜ್ಜ" ಎಂದು ಅವಳೇ ಹೇಳಿದಳು.

ಮರುದಿನ ಚಿತ್ರ ಬಂತು. ಕಂಪ್ಯೂಟರಿನಲ್ಲಿ ತೋರಿಸಿದಳು. ಬಿಳಿ ಬಯಲಿನಲ್ಲಿ, ಒಡ್ಡಿನ ಬದಿಯಿಂದ ಬೀಸಣಿಗೆ ಬಿಚ್ಚಿದ ಹಾಗೆ ಕಪ್ಪು. ಎಂಟರಲ್ಲಿ ಏಳು ಕೋಲು ಆ ಕಪ್ಪಿನೊಳಗೇ ಇದ್ದವು. ಎಂಟನೆಯ ಕೋಲಿನಲ್ಲಿ ನೀರು ಅರ್ಧ ಗೇಣೂ ಇರಲಿಲ್ಲ, ಅದು ಬಿಳಿಯಲ್ಲೇ ಉಳಿಯಿತು. ಅದನ್ನೂ ಹಾಗೇ ಬರೆದಳು. ಮೊದಲ ನಕ್ಷೆ ಭರತ ತುಂಬದ ಹೊತ್ತಿನದು, ಅದರಿಂದ ನೀರಿಲ್ಲ ಎಂದು ತೀರ್ಮಾನಿಸಿದ್ದು ತನ್ನ ತಪ್ಪು ಎಂದು ಸಹಿ ಹಾಕಿ ಎಂಜಿನಿಯರರ ಕಚೇರಿಗೆ ಕಳಿಸಿದಳು. ಆ ಸಹಿ ನೋಡಿದಾಗ ಆದ ಸಂತೋಷ ಅವಳಿಗೆ ನೌಕರಿ ಸಿಕ್ಕ ದಿನವೂ ನನಗೆ ಆಗಿರಲಿಲ್ಲ.

ತುರ್ತು ಕೆಲಸ ಎಂದು ಒಪ್ಪಿಗೆಯಾಗಿ ತ್ರಯೋದಶಿಗೆ ಕೆಂಪುಕಲ್ಲು ಬಂತು. ಹೊರಗೆ ಕಲ್ಲು, ನಡುವೆ ಜೇಡಿ, ಮೇಲೆ ತುಳಿದ ಮಣ್ಣು. ಎಲ್ಲಿ ತುಳಿಯಬೇಕು, ಎಲ್ಲಿ ಬಿಡಬೇಕು ಎಂದು ಎಂಜಿನಿಯರರು ನನ್ನನ್ನೇ ಕೇಳಿದರು. ಅಮಾವಾಸ್ಯೆಯ ಹಿಂದಿನ ಸಂಜೆ ಕೆಲಸ ಮುಗಿಯಿತು. ಮರುದಿನ ಹನ್ನೊಂದೂಕಾಲಿಗೆ ನೀರು ಒಡ್ಡಿನ ಕೊರಳಿಗೆ ಬಂದು ನಿಂತಿತು; ಒಳಗೆ ಬರಲಿಲ್ಲ. ದೇವಮ್ಮ ಒಳಗಿನ ಬದಿಯ ಮಣ್ಣನ್ನು ಅಂಗೈಯಿಂದ ಮುಟ್ಟಿ ಮುಟ್ಟಿ ನೋಡಿ, "ಆತು" ಎಂದಳು. ಅವಳ ಗದ್ದೆಯಲ್ಲಿ ಅರ್ಧ ಪೈರು ಸತ್ತಿತ್ತು. ಆದರೂ ಕೊಯ್ಲಿನಲ್ಲಿ ಊರಿಗೆ ಬೇಕಾದ ಹದಿನಾಲ್ಕು ಮುಡಿ ಬೀಜ ಕಟ್ಟಿದೆವು. ಒಂದು ಹಿಡಿಯನ್ನು ದೇವಮ್ಮ ಬೇರೆ ಕಟ್ಟಿ ಧಾರವಾಡಕ್ಕೆ ಕಳಿಸಿದಳು. "ಬಿತ್ತೂಕಲ್ಲ. ಎದ್ರಿಗೆ ಇಟ್ಕಂಡು ನಕ್ಷೆ ಮಾಡೂಕೆ" ಎಂದು ಹೇಳಿ ಕಳಿಸಿದಳು.

ನನ್ನ ಕೆಲಸ ನನಗೆ ಕಲಿಸಿದ್ದು ಇದು: ನೀರಿಲ್ಲ ಎಂದು ಹೇಳುವ ಮೊದಲು, ನೋಡಿದ್ದು ಎಷ್ಟು ಹೊತ್ತಿಗೆ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಇದು ಆಕಾಶದಲ್ಲಿರುವವರಿಗೂ ಅನ್ವಯ, ಒಡ್ಡಿನ ಮೇಲಿರುವವರಿಗೂ ಅನ್ವಯ. ಏಡಿಯ ಮಾಟೆ ಎಂದು ನಾನೂ ಒಮ್ಮೆ ನೋಡಿ ಬಿಟ್ಟವನೇ.

ಈಗ ಶ್ವೇತಾ ಮಾಡುವ ನಕ್ಷೆಯ ಕೆಳಗೆ ಹೊಸದೊಂದು ಸಾಲಿರುತ್ತದೆ: ಚಿತ್ರದ ಹೊತ್ತಿಗೆ ಭರತವೋ, ಇಳಿತವೋ. ಹೊನ್ನಾವರದ ಕಾಸರಕೋಡಿನದಾಗಲಿ, ಭಟ್ಕಳದ ಕಡೆಯದಾಗಲಿ, ಆ ಸಾಲು ತುಂಬುವ ಮೊದಲು ಅವಳ ಫೋನ್ ಬರುತ್ತದೆ. ಕಚೇರಿಯಲ್ಲಿ ಭರತದ ಅಚ್ಚು ಪಟ್ಟಿ ಇದೆಯಂತೆ. ಅದನ್ನು ನೋಡಿಕೊಂಡೇ ನನ್ನನ್ನು ಕೇಳುತ್ತಾಳೆ. ಎರಡೂ ಒಂದೇ ಬಂದರೆ "ಸರಿ ಇದೆ ಅಜ್ಜ" ಎನ್ನುತ್ತಾಳೆ.

ಹನ್ನೆರಡು ದಿನಕ್ಕೊಮ್ಮೆ ಬೆಳಿಗ್ಗೆ ಆರಕ್ಕೆ ನಾನು ಒಡ್ಡಿನ ಮೇಲೆ ಹೋಗಿ ನಿಲ್ಲುತ್ತೇನೆ. ಆ ಚಿತ್ರದ ಒಂದು ಚುಕ್ಕೆ ಎಂದರೆ ಹತ್ತು ಮೀಟರ್ ನೆಲ, ಮನುಷ್ಯ ಕಾಣುವುದಿಲ್ಲ ಎಂದು ಅವಳು ಎಷ್ಟೋ ಸಲ ಹೇಳಿದ್ದಾಳೆ. ಗೊತ್ತು. ಆದರೂ ಎಂಟು ಗಂಟೆಗೆ ಫೋನ್ ಬಂದಾಗ ಅವಳು ಮೊದಲು ಕೇಳುವುದು, "ಇವತ್ತು ನಿಂತಿದ್ಯಾ ಅಜ್ಜ?" ಎಂದೇ.