ಕೀಲಿ ಬಿದ್ದ ಹದಿನಾರು ಹಾಡುಗಳು

ದಾರಿ ತೋರಿಸುವವನೇ ಜಾರಿ ಬಿದ್ದರೆ ಅವನಿಗೆ ನೋವಿಗಿಂತ ನಾಚಿಕೆ ಹೆಚ್ಚು. ನಾನು ಗೋಕಾಕದ ಶಾಲೆಯೊಂದರ ಮಾಸ್ತರ. ಹೋದ ವರ್ಷ ಹುಕ್ಕೇರಿಯಲ್ಲಿ ಶಿಕ್ಷಕರ ಎದುರು ಕಂಪ್ಯೂಟರಿನ ಕೇಡುಗಳ ಬಗ್ಗೆ ಒಂದು ತಾಸು ಮಾತಾಡಿ ಶಾಲು ಹೊದಿಸಿಕೊಂಡು ಬಂದೆ.

ಎಂಥ ಮಾತು ಅಂತೀರಿ! ವೈರಸ್ ಅಂದರೆ ಉತ್ತರಾಣಿ ಬೀಜ. ತಾನಾಗಿ ನಡೆಯದು, ಯಾರದೋ ಧೋತರಕ್ಕೆ ಅಂಟಿ ಇನ್ನೊಬ್ಬರ ಹೊಲ ಸೇರುತ್ತದೆ. ಇದೂ ಹಾಗೆಯೇ ಒಂದು ಫೈಲಿಗೆ ಅಂಟಿಕೊಂಡು, ನೀವು ತೆರೆಯಲೆಂದು ಕಾಯುತ್ತದೆ. ವರ್ಮ್ ಗೆದ್ದಲು, ಯಾರ ಕಾಲಿನ ಹಂಗೂ ಇಲ್ಲದೆ ಮನೆಯಿಂದ ಮನೆಗೆ ತಾನೇ ದಾರಿ ಕೊರೆಯುತ್ತದೆ. ಟ್ರೋಜನ್ನು ಪೇಢೆ ಹಿಡಿದು ಬಂದ ನೆಂಟ; ಉಂಡು ಮಲಗಿದಂತೆ ಮಾಡಿ ಹಿತ್ತಲ ಬಾಗಿಲು ತೆರೆಯುತ್ತಾನೆ. ರ‍್ಯಾನ್ಸಮ್‌ವೇರ್ ನಿಮ್ಮ ಮನೆಗೆ ತನ್ನ ಕೀಲಿ ಜಡಿದು, ತೆಗೆಯಲು ನಿಮ್ಮ ಹತ್ತಿರವೇ ರೊಕ್ಕ ಕೇಳುವ ಪುಂಡ. ಚಪ್ಪಾಳೆಯೋ ಚಪ್ಪಾಳೆ.

ನನ್ನ ಕಂಪ್ಯೂಟರಿನಲ್ಲಿ ಆಗ ಯಮಕನಮರಡಿಯ ಲಗಮವ್ವ ಆಯಿ ಹಾಡಿ, ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ ಹದಿನಾರು ಹಾಡುಗಳಿದ್ದವು. ಕುರುಬರ ಮನೆಯ ಮುದುಕಿ. ಉಣ್ಣೆ ನೂಲುತ್ತ, ಜೋಳ ಬೀಸುತ್ತ ಕಲಿತ ಹಾಡುಗಳು ಅವಳಿಗಲ್ಲದೆ ಯಾರಿಗೂ ಬಾರವು. ಹಾಡಿನ ಹಿಂದೆ ಹೆದ್ದಾರಿಯ ಲಾರಿಗಳ ಸದ್ದು. ಅದನ್ನು ತೆಗೆಯುವ ಸಾಫ್ಟ್‌ವೇರ್ ದುಬಾರಿ. ಎಲ್ಲೋ ಒಂದು ಕಡೆ ಪುಕ್ಕಟೆ ಸಿಕ್ಕಿತು. ಹಾಕಹೋದರೆ ಆಂಟಿವೈರಸ್ ಮೂರು ಸಲ ಕೆಂಪಗಾಯಿತು. 'ಆಂಟಿವೈರಸ್ ಆಫ್ ಮಾಡಿ ಮುಂದುವರಿಯಿರಿ' ಎಂದು ಆ ಪುಕ್ಕಟೆ ಸಾಫ್ಟ್‌ವೇರಿನ ಜೊತೆಗೇ ಬರೆದಿತ್ತು. ಆಫ್ ಮಾಡಿದೆ. ಚಹಾ ಕುಡಿದು ಬರುವಷ್ಟರಲ್ಲಿ ಹದಿನಾರಕ್ಕೂ ಕೀಲಿ, ಪರದೆಯ ಮೇಲೆ ರೊಕ್ಕ ಕೇಳುವ ಪತ್ರ.

ಹುಕ್ಕೇರಿ, ಗೋಕಾಕದಲ್ಲಿ ಮುಖ ತೋರಿಸಲಾರದೆ ಮೂಡಲಗಿಯ ರಫೀಕನ ರಿಪೇರಿ ಅಂಗಡಿಗೆ ಹೋದೆ.

"ಸರ, ಆಂಟಿವೈರಸ್ ಅನ್ನೋ ನಾಯಿ ಬೊಗಳಿತ್ತೋ ಇಲ್ಲೋ?"

"ಬೊಗಳಿತ್ತಪ್ಪಾ."

"ನೀವೇನ್ ಮಾಡಿದ್ರಿ?"

"ಬಾಯಿ ಕಟ್ಟಿದೆ."

"ಕಳ್ಳ ಹೇಳಿದ್ನಂತ ನಾಯಿ ಬಾಯಿ ಕಟ್ಟಿದ್ರಿ! ನಿಮ್ಮ ಭಾಷಣ ನನ್ನ ಮೊಬೈಲ್‌ನ್ಯಾಗ ಐತ್ರಿ, ಹಚ್ಚಲೇನು?"

ಎರಡನೆಯ ಪ್ರತಿ ಎಲ್ಲಿ ಎಂದ. ಪೆನ್‌ಡ್ರೈವಿನಲ್ಲಿತ್ತು, ಅದು ಅದೇ ಕಂಪ್ಯೂಟರಿಗೆ ಚುಚ್ಚಿದ್ದು ಚುಚ್ಚಿದ ಹಾಗೇ ಇತ್ತು, ಅದಕ್ಕೂ ಕೀಲಿ. ಮೊಬೈಲಿನಲ್ಲಿದ್ದದ್ದನ್ನು ನಾನೇ ಅಳಿಸಿದ್ದೆ. ಯಾಕೆ ಎಂದು ಅವನು ಕೇಳಲಿಲ್ಲ, ಪುಣ್ಯಾತ್ಮ. ನಿಮಗೆ ಹೇಳುತ್ತೇನೆ: ಶಾಲಿನ ಫೋಟೋಗಳಿಗೆ ಜಾಗ ಬೇಕಿತ್ತು.

"ರೊಕ್ಕ ಕಳಸಬ್ಯಾಡ್ರಿ. ಕೊಟ್ರೂ ಕೀಲಿ ತಗೀತಾನಂತ ಏನ್ ಖಾತ್ರಿ?" ಎಂದ ರಫೀಕ.

ಕರದಂಟಿನ ಪೊಟ್ಟಣ ಹಿಡಿದು ಆಯಿಯ ಬಳಿ ಹೋದೆ.

"ಹಲ್ಲಿಲ್ಲದಾಕಿಗೆ ಕರದಂಟ ತಂದಿ. ಏನೋ ತಪ್ಪ ಮಾಡಿ ಬಂದಿ, ಹೇಳ ತಮ್ಮಾ."

ಹೇಳಿದೆ. ವೈರಸ್ಸು, ಟ್ರೋಜನ್ನು ಅವಳಿಗೆ ಬೇಕಾಗಲಿಲ್ಲ. "ಬೀಜದ ಜ್ವಾಳ ಯಾರರ ನೆಲದಾಗಿನ ಒಂದ ಹಗೇವಿನ್ಯಾಗ ಇಡ್ತಾರೇನೋ? ನಾವು ಒಂದಿಷ್ಟು ಮನ್ಯಾಗ, ಒಂದಿಷ್ಟು ಮಗಳ ಮನ್ಯಾಗ ಇಡ್ತಿದ್ವಿ. ಇಲ್ಲಿ ನೀರ ಹೊಕ್ರ ಅಲ್ಲರ ಇರ್ತೈತಿ."

ನನ್ನ ಒಂದು ತಾಸಿನ ಭಾಷಣದಲ್ಲಿ ಈ ಮಾತೊಂದೇ ಇರಲಿಲ್ಲ.

ಆಯಿ ಮತ್ತೆ ಹಾಡಲು ಕೂತಳು. ಕೆಮ್ಮುತ್ತ ಕೆಮ್ಮುತ್ತ ನಾಲ್ಕು ದಿನಕ್ಕೆ ಹನ್ನೆರಡು ಬಂದವು. ನಾಲ್ಕು ಬರಲೇ ಇಲ್ಲ. ಹಣೆ ತಟ್ಟಿಕೊಂಡವಳು ತಟ್ಟನೆ ನನ್ನ ಕಡೆ ತಿರುಗಿದಳು: "ಹದಿನಾರು ಹಾಡ ಕೇಳಿದ್ಯಲ್ಲ, ಒಂದರ ಬಂತೇನು ನಿನಗ?"

ಒಂದು ಸಾಲೂ ಬರುತ್ತಿರಲಿಲ್ಲ.

"ಹಂಗಾರ ಆ ಮೊಬೈಲ್ ಬಾಜೂಕ ಇಡು. ನೀ ಹಾಡ ಅನ್ನು."

ಈಗ ಸಿಕ್ಕಷ್ಟು ಹಾಡುಗಳು ಮೂರು ಕಡೆ ಇವೆ. ಒಂದು ಪ್ರತಿ ಯಾವ ಯಂತ್ರದ ತಂತಿಗೂ ತಾಗದೆ ರಫೀಕನ ಕಪಾಟಿನಲ್ಲಿದೆ. ಆಂಟಿವೈರಸ್ ಕೆಂಪಗಾದರೆ ನಾನು ಕೈ ಹಿಂದೆ ತೆಗೆಯುತ್ತೇನೆ. ಅವತ್ತು ಆಯಿ ಹೇಳಿಕೊಟ್ಟ ಹಾಡನ್ನು ಅವಳ ಎದುರು ಹಾಡಹೋದವನು ಮೂರನೆಯ ಸಾಲಿಗೇ ಎಡವಿ ಬೇರೆ ಯಾವುದೋ ಸಾಲು ಸೇರಿಸಿದೆ. "ಅದಲ್ಲೋ, ಅದು ಬ್ಯಾರೇ ಹಾಡಿನ್ಯಾಗ ಬರ್ತೈತಿ!" ಎಂದು ಬೈದು ತಿದ್ದುವ ಭರದಲ್ಲಿ, ಮರೆತ ನಾಲ್ಕರಲ್ಲಿ ಒಂದು ಅವಳ ಬಾಯಿಗೆ ಬಂದುಬಿಟ್ಟಿತು.

ಉಳಿದ ಮೂರಕ್ಕಾಗಿ ಪ್ರತಿ ರವಿವಾರ ಯಮಕನಮರಡಿಗೆ ಹೋಗಿ ತಪ್ಪುತಪ್ಪಾಗಿ ಹಾಡುತ್ತೇನೆ.