ಅಪ್ಪನ ಹೊಟ್ಟೆಗೊಂದು ರೇಷ್ಮೆಗೂಡು

ಅಪ್ಪ ಜೈಲಿಗೆ ಹೋದಾಗ ತಂಗಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಆಗ ನಮ್ಮ ಕಡೆಯ ಸಾದಲಿಯ ಅಂಗಡಿಗೆ ಒಂದು ರೂಪಾಯಿ ಹಾಕಿ ಮಾತಾಡುವ ಫೋನು ಬಂದಿತ್ತು. ಆದರೆ ಜೈಲಿನೊಳಕ್ಕೆ ಮಕ್ಕಳ ಮಾತು ಹೋಗುತ್ತಿದ್ದದ್ದು ಕಾಗದದಲ್ಲಿ ಮಾತ್ರ. ಅಮ್ಮ ತಿಂಗಳಿಗೊಮ್ಮೆ ಅಪ್ಪನನ್ನು ನೋಡಲು ಹೋಗುವಾಗ ಅದನ್ನು ಕೊಂಡೊಯ್ಯುತ್ತಿದ್ದಳು. ಗೇಟಿನಲ್ಲಿ ಜೈಲಿನವರು ತೆಗೆದುಕೊಂಡು, ಓದಿ ನೋಡಿ, ಆಮೇಲೆ ಅಪ್ಪನಿಗೆ ಕೊಡುತ್ತಿದ್ದರು. ಯಾವ ಕಾಗದ ಯಾವತ್ತು ಹೋಯಿತು, ಉತ್ತರ ಯಾವತ್ತು ಬಂತು ಎಂದು ನಾನು ಡೈರಿಯಲ್ಲಿ ಗುರುತು ಹಾಕುತ್ತಿದ್ದೆ. ತಂಗಿಯ ಹೆಸರಿನ ಕೆಳಗೆ ಮಾತ್ರ ಏನೂ ಇರಲಿಲ್ಲ.

ಅವಳಿಗೆ ನಾಲ್ಕು ತುಂಬಿತ್ತು. "ಅಪ್ಪಂಗೆ ಒಂದು ಚಿತ್ರ ಬರಿಯೇ" ಎಂದರೆ, "ಫೋಟೋದಲ್ಲಿರೋರಿಗಾ? ಅವ್ರು ನಂಗೊತ್ತಿಲ್ಲ ಹೋಗಕ್ಕ" ಎನ್ನುತ್ತಿದ್ದಳು. 'ಅಪ್ಪ' ಎಂಬ ಮಾತು ಅವಳ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಅಮ್ಮ ನಕ್ಕುಬಿಡುತ್ತಿದ್ದಳು. ಆದರೆ ಅಪ್ಪ ಮನೆಗೆ ಬಂದ ದಿನ ಇವಳು ಯಾರೋ ಹೊಸಬರನ್ನು ಕಂಡಂತೆ ಬಾಗಿಲ ಹಿಂದೆ ಅಡಗಿಬಿಟ್ಟರೆ ಎಂಬ ಭಯ ಅಮ್ಮನಿಗೆ ಇದ್ದೇ ಇತ್ತು.

ಒಂದು ಬೆಳೆಯಲ್ಲಿ ನಮ್ಮ ರೇಷ್ಮೆಹುಳುಗಳು ಚೆನ್ನಾಗಿ ಗೂಡು ಕಟ್ಟಿದವು. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಯಾದ ಚಂದ್ರಿಕೆಯಿಂದ ಗೂಡು ಬಿಡಿಸುವಾಗ ತಂಗಿಯೂ ಜೊತೆಗೆ ಕೂತಳು.

"ನಿಮ್ಮಪ್ಪಂಗೆ ಈ ಕೆಲ್ಸ ಅಂದ್ರೆ ಪ್ರಾಣ ಕಣ್ರೇ" ಎಂದಳು ಅಮ್ಮ. "ಹೊಟ್ಟೆ ಅಡ್ಡ ಬರೋದು, ಆದ್ರೂ ಉಸ್ ಉಸ್ ಅಂತ ಬಗ್ಗಿ ಬಿಡಿಸೋರು."

ತಂಗಿ ಬಿದ್ದು ಬಿದ್ದು ನಕ್ಕಳು. ಸಂಜೆ ತಾನಾಗಿಯೇ ಅಪ್ಪನನ್ನು ಬರೆದು, ಹೊಟ್ಟೆಯ ಜಾಗದಲ್ಲಿ ದಪ್ಪನೆಯ ಹಳದಿ ಗೂಡೊಂದನ್ನು ಅನ್ನದ ಅಗುಳಿನಿಂದ ಅಂಟಿಸಿದಳು. ಅಮ್ಮ ಅದನ್ನು ಸ್ವೀಟ್ ಬಾಕ್ಸಿನಲ್ಲಿಟ್ಟು ಕೊಂಡೊಯ್ದು ಗೇಟಿನಲ್ಲಿ ಕೊಟ್ಟು ಬಂದಳು.

ನಮ್ಮಲ್ಲಿ ಬಿಡಿಸಿದ ಗೂಡು ತಡಮಾಡದೆ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿಬಿಡುತ್ತದೆ. ಒಳಗಿನ ಹುಳು ಚಿಟ್ಟೆಯಾಗುವವರೆಗೆ ಮನೆಯಲ್ಲಿ ಉಳಿದದ್ದೇ ಇಲ್ಲ. ಹಾಗಾಗಿ ಮುಂದಾಗುವುದು ನಮಗ್ಯಾರಿಗೂ ಹೊಳೆಯಲಿಲ್ಲ.

ಅಪ್ಪನ ಉತ್ತರ ತಂಗಿಯ ಹೆಸರಿಗೇ ಬಂತು. ನಾನು ಓದಿ ಹೇಳಿದೆ:

"ಕಂದಮ್ಮ, ನಿನ್ನ ಡಬ್ಬ ಬಹಳ ದಿನ ಇಲ್ಲಿನ ಜೈಲು ಆಫೀಸಿನಲ್ಲೇ ಉಳಿದಿತ್ತು. ಮೊನ್ನೆ ಸಾಹೇಬರು ಮುಚ್ಚಳ ತೆಗೆದರೆ, ನನ್ನ ಹೊಟ್ಟೆ ತೂತು ಮಾಡಿಕೊಂಡು ಚಿಟ್ಟೆ ಹೊರಗೆ ಬಂದು, ನನ್ನ ಮುಖದ ತುಂಬ ಮೊಟ್ಟೆ ಇಟ್ಟಿತ್ತು. ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರಂತೆ. ಗೂಡು ಕಿತ್ತಿಟ್ಟುಕೊಂಡು ಚಿತ್ರ ಕೊಟ್ಟರು. ಈಗ ಹೊಟ್ಟೆಯಿಲ್ಲದೆ ಗೋಡೆಯ ಮೇಲಿದ್ದೇನೆ."

ತಂಗಿ ಇನ್ನೊಮ್ಮೆ ಓದಿಸಿಕೊಂಡಳು. "ಅಕ್ಕ, ಅಪ್ಪಂಗೆ ಬರಿ. ಈ ಸಲ ಹೊಟ್ಟೆಗೆ ಬರೀ ಬಣ್ಣ ಹಚ್ತೀನಿ. ಏನೂ ಹೊರಗೆ ಬರಲ್ಲ, ಹೆದ್ರಬೇಡಿ ಅಂತ ಆ ಸಾಹೇಬ್ರಿಗೂ ಹೇಳು."

ಅಕ್ಕಿ ಆರಿಸುತ್ತಿದ್ದ ಅಮ್ಮನ ಕೈ ನಿಂತಿತು. "ಏನಂದ್ಯೇ?"

"ಸಾಹೇಬ್ರು ಹೆದ್ರಬಾರ್ದು ಅಂದೆ."

"ಅದಲ್ಲಮ್ಮ. ಅದಕ್ಕೂ ಮುಂಚೆ ಅಂದಿದ್ದು. ಯಾರಿಗೆ ಬರಿ ಅಂದೆ?"