ಕೊರಳಪಟ್ಟಿಯ ಗುರುತು, ಮೊಣಕೈಯ ಹೊಲಿಗೆ

ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಯಿತ್ತು. ಅದಕ್ಕೆ ಯಜಮಾನಿ ಇಸ್ತ್ರಿಯಕ್ಕ. ಯಾರೂ ಪಟ್ಟ ಕಟ್ಟಿದ್ದಲ್ಲ. ಇಪ್ಪತ್ತೆರಡು ವರ್ಷ ಬಿಸಿನೀರಿನ ಹಬೆ ಕುಡಿದವಳಿಗೆ ಯಜಮಾನಿಕೆ ತಾನಾಗಿ ಒಲಿದಿತ್ತು. ಮೇಲಿನ ಮಹಡಿಗಳವರಿಗೆ ಅವಳ ಮುಖ ಗೊತ್ತಿರಲಿಲ್ಲ. ಕೊಳೆಯಾದ ಹೊದಿಕೆ ಕೆಳಗಿಳಿಯುತ್ತಿತ್ತು, ಹಾಲಿನಂತೆ ಬೆಳ್ಳಗಾಗಿ ಮೇಲೇರುತ್ತಿತ್ತು. ನಡುವೆ ಒಂದು ಜೀವ ಇದೆ ಎಂಬುದು ಹೊದಿಕೆ ಸಾಲದ ದಿನ ಮಾತ್ರ ಅವರ ನೆನಪಿಗೆ ಬರುತ್ತಿತ್ತು.

ಅವಳು ಹುಟ್ಟಿದ್ದೇ ಬಟ್ಟೆ ಒಗೆಯುವ ಅಂಗಡಿಯಲ್ಲಿ. ಅಪ್ಪನ ನಂತರ ಈಗ ಅಣ್ಣ ಅದನ್ನು ನಡೆಸುತ್ತಾನೆ. ಯಾವ ಅಂಗಿ ಕೈಗೆ ಬಂದರೂ ಮೊದಲು ಕೊರಳಪಟ್ಟಿ ಮಗುಚಿ ನೋಡಬೇಕು ಎಂಬುದು ಅಪ್ಪ ಕಲಿಸಿದ ಪಾಠ. ಒಳಗಡೆ ಅಳಿಸದ ಶಾಯಿಯಲ್ಲಿ ಚುಕ್ಕೆಯೋ ಗೀರೋ ಇರುತ್ತದೆ. ಒಂದೊಂದು ಮನೆಗೆ ಒಂದೊಂದು ಗುರುತು. ನೂರು ಬಿಳಿ ಅಂಗಿ ಒಟ್ಟಿಗೆ ಕುದಿಸಿದರೂ ಯಾರ ಅಂಗಿಯೂ ಯಾರ ಮನೆಗೂ ತಪ್ಪಿ ಹೋಗುವಂತಿಲ್ಲ. ಅಂಗಡಿ ಬಿಟ್ಟು ಬಂದರೂ ಆ ಚಾಳಿ ಅವಳ ಬೆರಳು ಬಿಟ್ಟಿರಲಿಲ್ಲ.

ಸೋಂಕು ಹಬ್ಬಿದ ವರ್ಷ ಅದು. ರೋಗಿಗಳು ಉಟ್ಟುಬಂದ ಬಟ್ಟೆ ಹಾಸಿಗೆಯ ಸಂಖ್ಯೆ ಬರೆದ ಚೀಲದಲ್ಲಿ ಕೆಳಗೆ ಬರುತ್ತಿತ್ತು. ಔಷಧಿ ನೀರಲ್ಲಿ ನೆನೆಸಿ, ಕುದಿಸಿ, ಒಣಗಿಸಿ ಎತ್ತಿಡಬೇಕು. ಹದಿನೇಳನೇ ಹಾಸಿಗೆಯ ಚೀಲದಿಂದ ಒಂದು ಬಿಳಿ ಅಂಗಿ ಬಂತು. ಬೆಲೆಬಾಳುವ ಬಟ್ಟೆ. ಕೊರಳಪಟ್ಟಿ ಮಗುಚಿದಳು. ಎರಡು ಚುಕ್ಕೆ, ಕೆಳಗೊಂದು ಕೊಕ್ಕೆ. ಅಣ್ಣನ ಕೈಬರಹ!

ಹದಿನೇಳನೇ ಹಾಸಿಗೆಯವನು ಬಸ್ ನಿಲ್ದಾಣದಲ್ಲಿ ಬಿದ್ದಿದ್ದವನು. ಬಾಯಲ್ಲಿ ಉಸಿರಿನ ಕೊಳವೆ, ಮೈಮೇಲೆ ಎಚ್ಚರವಿಲ್ಲ. ತಲೆಯ ಬಳಿಯ ಚೀಟಿಯಲ್ಲಿ ‘ಗುರುತು ಸಿಕ್ಕಿಲ್ಲ’ ಎಂದಷ್ಟೇ ಬರೆದಿತ್ತು. ಅಂಥವರು ತೀರಿಕೊಂಡರೆ ಅದೇ ದಿನ ವ್ಯಾನಿನಲ್ಲಿ ಸಾಗಿಸುತ್ತಿದ್ದರು. ಯಾರಿಗೆ ಹೇಳುವುದು, ಯಾರನ್ನು ಕರೆಯುವುದು?

ಇಸ್ತ್ರಿಯಕ್ಕ ಅಣ್ಣನಿಗೆ ಫೋನ್ ಹಚ್ಚಿದಳು.

“ಏನಮ್ಮಾ ಮಹಾರಾಣಿ, ಈಗ ಅಣ್ಣನ ನೆನಪಾಯ್ತಾ?”

“ಹರಟೆ ಆಮೇಲೆ ಹೊಡಿ. ಎರಡು ಚುಕ್ಕೆ, ಒಂದು ಕೊಕ್ಕೆ. ಯಾರ ಮನೆ?”

“ಜಡ್ಜ್ ಸಾಹೇಬರ ಮನೇದು ಕಣೇ! ಯಾಕೆ, ಏನಾಯ್ತು?”

ಮಾತು ಹಿರಿಯ ನರ್ಸಿನ ಕಿವಿಗೆ ಬಿತ್ತು, ಅಲ್ಲಿಂದ ಮೇಲ್ವಿಚಾರಕನ ಕಿವಿಗೆ. ಅರ್ಧ ಗಂಟೆಯಲ್ಲಿ ಹದಿನೇಳನೆಯವನ ಮಂಚ ಕಿಟಕಿಯ ಪಕ್ಕ ಹೋಯಿತು. ಹೊಸ ಕಂಬಳಿ ಬಂತು. ಗಂಟೆಗೊಮ್ಮೆ ಒಬ್ಬರು ಬಂದು ನಾಡಿ ನೋಡತೊಡಗಿದರು. ಇಸ್ತ್ರಿಯಕ್ಕನಿಗೂ ಒಳಗೊಳಗೇ ಹೆಮ್ಮೆ, ಸುಳ್ಳೇಕೆ ಹೇಳಬೇಕು?

ಮಧ್ಯಾಹ್ನ ಮೇಲ್ವಿಚಾರಕ ತಾನೇ ಮೆಟ್ಟಿಲಿಳಿದು ಬಂದ. ಇಷ್ಟು ವರ್ಷದಲ್ಲಿ ಅದೇ ಮೊದಲು.

“ಏನಮ್ಮಾ ನಿನ್ನ ಪತ್ತೇದಾರಿಕೆ! ಜಡ್ಜ್ ಸಾಹೇಬರು ಮನೇಲಿ ಗಿಡಕ್ಕೆ ನೀರು ಹಾಕ್ತಾ ನಿಂತಿದಾರೆ. ಫೋನ್ ಮಾಡಿ ನನ್ನ ಮಾನ ಹೋಯ್ತು.”

“ಹಾಗಾದ್ರೆ ಮೇಲೆ ಮಲಗಿರೋರು ಯಾರು ಸಾರ್?”

“ಯಾರೋ ನೀರಿನ ಟ್ಯಾಂಕ್ ತೊಳೆಯೋನು. ಹಳೇ ಅಂಗಿ ಅವನಿಗೆ ಕೊಟ್ಟಿದ್ರಂತೆ.”

“ಅವನ ಮನೆ ಎಲ್ಲಂತೆ?”

“ಅದು ಅವರಿಗೇನು ಗೊತ್ತು? ವರ್ಷಕ್ಕೆ ಎರಡು ಸಲ ಬರ್ತಾನೆ, ತೊಳೀತಾನೆ, ಹೋಗ್ತಾನೆ. ಹೋಗು, ಹೊದಿಕೆ ಮಡಿಸು.”

ಸಂಜೆಗೆ ಮಂಚ ಮತ್ತೆ ಮೊದಲಿನ ಮೂಲೆಗೆ ಹೋಯಿತು. ಔಷಧಿ ಅದೇ, ಗಾಳಿಯ ಕೊಳವೆ ಅದೇ. ಗಂಟೆಗೊಮ್ಮೆ ನೋಡುತ್ತಿದ್ದ ಕಣ್ಣು ಮಾತ್ರ ಇಲ್ಲವಾಯಿತು. “ಉಸಿರು ಇಳೀತಾ ಇದೆ ಅಕ್ಕಾ, ಎರಡು ದಿನ ಅಂತಿದಾರೆ ಡಾಕ್ಟರು,” ಎಂದಳು ನರ್ಸ್.

ಇಸ್ತ್ರಿಯಕ್ಕ ಬುತ್ತಿ ಮುಚ್ಚಿಟ್ಟಳು. ಮೇಲ್ವಿಚಾರಕನನ್ನು ಬಾಯಿತುಂಬ ಬೈದಳು, ಮನಸ್ಸಿನಲ್ಲೇ. ಬೈದ ಮೇಲೆ ಅದೇ ಬೈಗುಳ ತಿರುಗಿ ತನ್ನ ಮೇಲೇ ಬಿತ್ತು. ತಾನು ಮಾಡಿದ್ದೇನು? ಗುರುತು ಓದಿದೆ, ಮನೆ ಹೇಳಿದೆ, ಬೀಗಿದೆ. ಅಂಗಿಯೊಳಗೆ ಇದ್ದವನನ್ನು ನೋಡಿದೆನೇ?

ಮರುದಿನ ಬೆಳಿಗ್ಗೆ ಅಂಗಿಯನ್ನು ಮೇಜಿನ ಮೇಲೆ ಹರಡಿ, ಮೊದಲ ಸಲ ನೋಡುವವಳಂತೆ ಕೊರಳಿಂದ ಅಂಚಿನವರೆಗೆ ನೋಡುತ್ತ ಬಂದಳು. ಬಲಗೈ ಮೊಣಕೈ ಹತ್ತಿರ ಹರಿದಿತ್ತು. ಹರಿದದ್ದನ್ನು ಹಸಿರು ದಾರದಲ್ಲಿ, ಇರುವೆ ಸಾಲಿನಂಥ ಹೊಲಿಗೆ ಹಾಕಿ ಕೂಡಿಸಿದ್ದರು. ಸುಕ್ಕಿಲ್ಲ, ಗಂಟಿಲ್ಲ. ಜಡ್ಜ್ ಮನೆಯಲ್ಲಿ ಹರಿದ ಅಂಗಿಯನ್ನು ಯಾರು ಹೊಲಿಯುತ್ತಾರೆ! ಇದು ಕೊಟ್ಟ ಮೇಲೆ ಬಿದ್ದ ಹೊಲಿಗೆ. ಅಂದರೆ ಇವನಿಗಾಗಿ ಕಣ್ಣು ಕಿರಿದು ಮಾಡಿಕೊಂಡು ಕೂತು ಹೊಲಿದ ಜೀವ ಒಂದು ಎಲ್ಲೋ ಇದೆ.

ಮತ್ತೆ ಫೋನ್. “ಅಣ್ಣಾ, ನಿನಗೆ ಓಡಾಡೋ ಪಾಸ್ ಇದೆಯಲ್ಲ? ಜಡ್ಜ್ ಬೀದಿಗೆ ಹೋಗಿ ಟ್ಯಾಂಕ್ ತೊಳೆಯೋರ ಮನೆ ವಿಚಾರಿಸು.”

“ಊರೆಲ್ಲಾ ಬಾಗಿಲು ಹಾಕ್ಕೊಂಡು ಕೂತಿದೆ. ನನ್ನೇ ಆಸ್ಪತ್ರೆಗೆ ಹಾಕಿಸ್ಬೇಕು ಅಂತಿದೀಯಾ?”

“ಹಾಕಿಸಿದ್ರೆ ನಿನ್ನ ಹೊದಿಕೆ ನಾನೇ ಒಗೀತೀನಿ. ಹೋಗು.”

ಅಣ್ಣ ಗೊಣಗುತ್ತ ಹೋದ. ಐದು ಮನೆಯಲ್ಲಿ “ಬರ್ತಾನೆ, ಒಳ್ಳೆಯವನು” ಎಂದರೇ ಹೊರತು ಎಲ್ಲಿಂದ ಬರುತ್ತಾನೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ದಾರಿ ಹೇಳಿದ್ದು ತಳ್ಳುಗಾಡಿಯ ತರಕಾರಿಯವಳು: ಮರದ ಡಿಪೋ ಹಿಂದೆ, ಗೋಣಿಚೀಲ ಹೊಲಿಯುವವಳ ಮನೆ.

ಅಣ್ಣನ ಫೋನಿನಲ್ಲಿ ಒಂದು ಹೆಣ್ಣುದನಿ ಬಂತು. “ಅಕ್ಕಾ, ನಮ್ಮವರು ಮನೆಗೆ ಬಾರದೆ ಐದು ದಿನ ಆಯ್ತು. ಮೂರು ಆಸ್ಪತ್ರೆ ಬಾಗಿಲಿಗೆ ಹೋಗಿದ್ದೆ. ಪಟ್ಟೀಲಿ ಇಲ್ಲ, ಹೋಗು ಅಂದ್ರು.”

“ಅಂಗಿ ಎಂಥದ್ದಮ್ಮಾ?”

“ಬಿಳೀದು. ಅಂಗಡಿ ಮುಚ್ಚಿ ಬಿಳಿ ದಾರ ಸಿಗ್ಲಿಲ್ಲ, ಮೊಣಕೈಗೆ ಹಸಿರು ದಾರ ಹಾಕ್ದೆ. ಜನ ನಗ್ತಾರೆ ಅಂತ ತೋಳು ಮಡಚ್ಕೊಂಡು ಹೋದ್ರು.”

ಇಸ್ತ್ರಿಯಕ್ಕ ಹೊಲಿಗೆಯ ಮೇಲೆ ಬೆರಳಿಟ್ಟು ನಿಂತಳು. “ಯಾರೂ ನಗಲ್ಲಮ್ಮಾ. ಸಿಕ್ಕಿದಾರೆ.”

ಹಿರಿಯ ನರ್ಸ್ ಕೈಗವಸು, ಮುಖಗವಸು ಹಾಕಿಕೊಂಡು ಫೋನನ್ನು ಅವನ ಕಿವಿಗೆ ಹಿಡಿದಳು. ಹೆಂಡತಿ ಅಳುತ್ತಾಳೆ ಎಂದುಕೊಂಡಿದ್ದರೆ ಅವಳು ಬೈಯಲು ಶುರುಮಾಡಿದಳು. “ಜ್ವರ ಇದೆ, ಹೋಗ್ಬೇಡಿ ಅಂತ ಬಾಯಿ ಬಡ್ಕೊಂಡೆ, ಕೇಳಿದ್ರಾ? ಮನೆ ಟ್ಯಾಂಕ್ ಪಾಚಿ ಕಟ್ಟಿದೆ, ಅದನ್ನ ಯಾರು ತೊಳೀತಾರೆ? ಏಳಿ ಮೊದ್ಲು!” ಅವನ ರೆಪ್ಪೆ ಅದುರಿತು. ಬೈಗುಳಕ್ಕೋ ಔಷಧಿಗೋ, ಡಾಕ್ಟರೂ ಹೇಳಲಾರದೆ ಹೋದರು. ಆದರೆ ಅಂದಿನಿಂದ ದಿನಕ್ಕೆರಡು ಸಲ ಬೈಗುಳ ಕೇಳಿಸಲು ಅಪ್ಪಣೆಯಾಯಿತು. ಚೀಟಿ ಬದಲಾಯಿತು. ಹೆಂಡತಿ ಹೇಳಿದ ಹೆಸರು ಬರೆದು, ಕೆಳಗೆ ‘ನೀರಿನ ಟ್ಯಾಂಕ್ ತೊಳೆಯುವವರು’ ಎಂದು ನರ್ಸ್ ಗುಂಡಾಗಿ ಬರೆದಳು. ಮೇಲ್ವಿಚಾರಕ ಬಂದು ಓದಿ ಹೋದ. ಮಾರನೆಯ ದಿನದಿಂದ ಮತ್ತೆ ಗಂಟೆಗೊಮ್ಮೆ ನಾಡಿ ನೋಡಿಸತೊಡಗಿದ.

ಇಪ್ಪತ್ತಮೂರು ದಿನದ ಮೇಲೆ ಅವನು ಮನೆಗೆ ಹೊರಟ. ಹಿಂದಿನ ದಿನವೇ ಅಣ್ಣ, ತಂಗಿ ಕೇಳಿದ್ದಕ್ಕೆ, ಗುರುತು ಹಾಕುವ ಶಾಯಿಯ ಸೀಸೆ ಕಳಿಸಿದ್ದ, ಜೊತೆಗೆ ಗೊಣಗಾಟ: “ಅವರು ಲಾಂಡ್ರಿಗೆ ಬಟ್ಟೆ ಹಾಕೋರಲ್ಲ. ಅವರಿಗೆ ಗುರುತು ಯಾಕೆ?”

“ಹಾಕದಿದ್ರೆ ಏನಾಯ್ತು, ಮನೆ ಇದೆಯಲ್ಲ,” ಎಂದಿದ್ದಳು ಇಸ್ತ್ರಿಯಕ್ಕ.

ಅಂಗಿಗೆ ಗರಿಗರಿಯಾಗಿ ಇಸ್ತ್ರಿ ಹಾಕಿದಳು. ಕೊರಳಪಟ್ಟಿಯ ಎರಡು ಚುಕ್ಕೆ, ಕೊಕ್ಕೆಯ ಮೇಲೆ ಅಡ್ಡಗೀರೆಳೆದು ಹೊಡೆದುಹಾಕಿ, ಪಕ್ಕದಲ್ಲಿ ಯಾವ ಮನೆಗೂ ಕೊಟ್ಟಿಲ್ಲದ ಗುರುತು ಹಾಕಿದಳು: ಇರುವೆ ಸಾಲಿನ ಹಾಗೆ ಐದು ಪುಟ್ಟ ಗೆರೆ. ಶಾಯಿ ಆರುವವರೆಗೆ ಊದುತ್ತ ಕೂತಳು.